ಹಾಡಿಗೆ ಅಡ್ಡ ಬಂದ ಗ್ರಾಫಿಕ್ಸ್ ಕಾರ್ಡು

ಮ್ಯಾಟ್ರಾಕ್ಸ್ ಕಂಪನಿಯ ಹಳೆಯ ಗ್ರಾಫಿಕ್ಸ್ ಕಾರ್ಡು ಹಾಕಿದ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್ ಕೆದಕುತ್ತ ಹೋದರೆ ಒಂದು ಪುಟ್ಟ ಚೌಕ ಸಿಗುತ್ತಿತ್ತು: ‘ಯೂಸ್ ಆಟೊಮ್ಯಾಟಿಕ್ ಪಿಸಿಐ ಬಸ್ ರಿಟ್ರೈಸ್’. ತೊಂಬತ್ತರ ದಶಕದ ಕೊನೆಯಲ್ಲಿ ಕಂಪ್ಯೂಟರಿನಲ್ಲಿ ಹಾಡು ರೆಕಾರ್ಡ್ ಮಾಡಲು ಹೊರಟವರಿಗೆ ಬಲ್ಲವರು ಹೇಳುತ್ತಿದ್ದ ಮೊದಲ ಮಾತು, ಅಲ್ಲಿನ ಟಿಕ್ ತೆಗೆಯಿರಿ ಎಂದು. ತೆಗೆಯದಿದ್ದರೆ ಪರದೆಯ ಮೇಲೆ ವಿಂಡೋ ಎಳೆದಾಗಲೆಲ್ಲ ಆಲಾಪದ ನಡುವೆ ‘ಚರ್’ ಎಂಬ ಸದ್ದು ನುಸುಳುತ್ತಿತ್ತು.

ಚಿತ್ರ ತೋರಿಸುವ ಕಾರ್ಡು ಹಾಡನ್ನು ಕೆಡಿಸುವುದು ಹೇಗೆ? ಇಂಟೆಲ್ 1992ರಲ್ಲಿ ತಂದ ಪಿಸಿಐ ಎಂಬ ದಾರಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 133 ಮೆಗಾಬೈಟ್ ಸಾಗುತ್ತಿತ್ತು. ಗ್ರಾಫಿಕ್ಸ್ ಕಾರ್ಡು, ಸೌಂಡ್ ಕಾರ್ಡು, ಡಿಸ್ಕು ಎಲ್ಲಕ್ಕೂ ಇದೊಂದೇ ದಾರಿ. ಗ್ರಾಫಿಕ್ಸ್ ಕಾರ್ಡಿನೊಳಗೆ ಆದೇಶಗಳು ಸರದಿ ನಿಲ್ಲಲು ಸಣ್ಣ ಜಾಗವಿರುತ್ತದೆ. ಸಭ್ಯ ಡ್ರೈವರ್ ತಂತ್ರಾಂಶವು ‘ಒಳಗ ಜಾಗ ಐತೇನಪ್ಪ?’ ಎಂದು ಕೇಳಿಯೇ ಮುಂದಿನ ಆದೇಶ ಕಳಿಸುತ್ತದೆ. ಕೇಳುವುದಕ್ಕೆ ಒಂದಿಷ್ಟು ಹೊತ್ತು ಹೋಗುತ್ತದೆ. ಆಗ ಕಂಪ್ಯೂಟರ್ ಪತ್ರಿಕೆಗಳು ವಿನ್‌ಬೆಂಚ್ ಎಂಬ ಪರೀಕ್ಷೆ ನಡೆಸಿ ಕಾರ್ಡುಗಳಿಗೆ ಅಂಕ ಕೊಡುತ್ತಿದ್ದವು, ಅಂಕ ನೋಡಿ ಜನ ಕೊಳ್ಳುತ್ತಿದ್ದರು. ಹೀಗಾಗಿ ಡ್ರೈವರ್ ಬರೆಯುವವರು ಕೇಳುವುದನ್ನೇ ಬಿಟ್ಟರು. ಜಾಗ ಇರಲಿ ಬಿಡಲಿ, ಆದೇಶ ತಳ್ಳುವುದು. ಒಳಗೆ ಜಾಗ ಆಗುವವರೆಗೆ ದಾರಿಯೇ ಬಂದ್.

ಗಣಿ ಭರಾಟೆಯ ವರ್ಷಗಳಲ್ಲಿ ಸಂಡೂರು–ಹೊಸಪೇಟೆ ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ಸಿಕ್ಕಿಬಿದ್ದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಲಾರಿಗಾದರೆ ನಷ್ಟವಿಲ್ಲ, ಹಿಂದಿನ ಬಸ್ಸಿನವರು ಹೊತ್ತು ಕಳೆದುಕೊಂಡರು. ಇಲ್ಲಿ ಹಿಂದೆ ಉಳಿದದ್ದು ಸೌಂಡ್ ಕಾರ್ಡು. ಚಿತ್ರ ಅರೆಕ್ಷಣ ತಡವಾದರೆ ಕಣ್ಣು ಕ್ಷಮಿಸುತ್ತದೆ, ಕಿವಿ ಕ್ಷಮಿಸುವುದಿಲ್ಲ. ಅಂಕದಾಸೆಗೆ ಮಾಡಿದ ಈ ಕಳ್ಳಾಟದಲ್ಲಿ ಅನೇಕ ಕಂಪನಿಗಳಿದ್ದವು. ಮ್ಯಾಟ್ರಾಕ್ಸ್ ಕೂಡ ಸಾಚಾ ಅಲ್ಲ. ಆದರೆ ಅದನ್ನು ನಿಲ್ಲಿಸುವ ಆ ಪುಟ್ಟ ಚೌಕವನ್ನು ಬಳಸುವವನ ಕೈಗೆಟುಕುವಲ್ಲಿ ಇಟ್ಟಿತ್ತಲ್ಲ, ನನಗೆ ಅಷ್ಟೇ ದೊಡ್ಡದು.

ಕೆನಡಾದ ಮಾಂಟ್ರಿಯಲ್ ಬಳಿ ಲಾರ್ನ್ ಟ್ರಾಟಿಯರ್ ಮತ್ತು ಬ್ರಾಂಕೊ ಮ್ಯಾಟಿಚ್ 1976ರಲ್ಲಿ ಕಟ್ಟಿದ ಕಂಪನಿ ಇದು. 1999ರ ಜಿ400 ಕಾರ್ಡು ಒಂದಕ್ಕೇ ಎರಡು ಮಾನಿಟರ್ ಜೋಡಿಸಬಹುದಿತ್ತು. ಒಂದರಲ್ಲಿ ಹಾಡಿನ ಟ್ರ್ಯಾಕುಗಳು, ಇನ್ನೊಂದರಲ್ಲಿ ಮಿಕ್ಸರ್. ಸ್ಟುಡಿಯೋದವರು ಅದನ್ನೇ ಬಯಸಿದ್ದರು. ಮರುವರ್ಷದ ಜಿ450ಗೆ ಫ್ಯಾನೂ ಇರಲಿಲ್ಲ. 2002ರ ಪಾರ್ಹೇಲಿಯಾಕ್ಕೆ ಮೂರು ಮಾನಿಟರ್. ಅಷ್ಟರಲ್ಲಿ ಆಟದ ಹುಡುಗರು ಎನ್‌ವಿಡಿಯಾ, ಎಟಿಐ ಕಡೆ ಹೊರಳಿದ್ದರು. ಪೇಟೆ ಅವರ ಹಿಂದೆ ಹೋಯಿತು.

ಫ್ಯಾನಿಲ್ಲದ ಕಾರ್ಡಿನ ಬೆಲೆ ನಮ್ಮ ಕಡೆಯವರಿಗೆ ಗೊತ್ತಾಗಬೇಕು. ಏಪ್ರಿಲ್–ಮೇನಲ್ಲಿ ಹೊಸಪೇಟೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಮೈಕ್ ತೆರೆದಾಗ ಸೀಲಿಂಗ್ ಫ್ಯಾನು ಆರಿಸಬೇಕು, ಎ.ಸಿ. ಆರಿಸಬೇಕು. ಒಂದೇ ಕೋಣೆಯಲ್ಲಿ ಹಾಡುವವರೂ ಕಂಪ್ಯೂಟರೂ ಇದ್ದರೆ ಆಗ ಕೇಳಿಸುವುದು ಗ್ರಾಫಿಕ್ಸ್ ಕಾರ್ಡಿನ ಗುಂಯ್‌ಗುಟ್ಟುವಿಕೆ. ಸಾಲದ್ದಕ್ಕೆ ಆ ಫ್ಯಾನು ಎಳೆದುಕೊಳ್ಳುವುದು ಕೆಂಪು ದೂಳು. ಇಂಥ ಕೋಣೆಗೆ ಬಂದು ಹಾಡುವವರು ಎಂಥವರೆಂದು ನೆನೆಯಿರಿ. ಸಂಡೂರು ತಾಲ್ಲೂಕಿನ ದರೋಜಿಯಲ್ಲಿ ಬುರ್ರಕಥೆಯ ನಾಡೋಜ ಈರಮ್ಮನವರಿದ್ದರು, 2014ರಲ್ಲಿ ತೀರಿಕೊಂಡರು. ಅವರ ಬುರ್ರಕಥೆ ರಾತ್ರಿ ಇಡೀ ನಡೆಯುವಂಥದ್ದು. ತಂಬೂರಿ, ದಿಮ್ಮಿ ಕಾವೇರಿದ ಮೇಲೆ ಹಾಡುವವರನ್ನು ತಡೆದು, ‘ಚರ್ ಅಂತು, ಇನ್ನೊಮ್ಮೆ ಹಾಡ್ರಿ ಅಮ್ಮಾ’ ಎನ್ನಲು ಯಾವ ಮುಖ?

ದಾರಿಯ ಜಗಳವೇನೋ ಮುಗಿಯಿತು. 1997ರ ಹೊತ್ತಿಗೆ ಎಜಿಪಿ, 2004ರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಬಂದು ಗ್ರಾಫಿಕ್ಸ್‌ಗೆ ಬೇರೆ ದಾರಿಯಾಯಿತು. ಆದರೆ ರೋಗ ಪ್ರೊಸೆಸರಿನೊಳಕ್ಕೆ ಸರಿಯಿತು. ಸೆಕೆಂಡಿಗೆ 48,000 ಸ್ಯಾಂಪಲ್ ದರದಲ್ಲಿ, ಧ್ವನಿ ಕೂಡಿಡಲು 64 ಸ್ಯಾಂಪಲ್‌ನ ಬಫರ್ ಇಟ್ಟರೆ ಕಂಪ್ಯೂಟರಿಗೆ ಸಿಗುವ ಕಾಲ 1.33 ಮಿಲಿಸೆಕೆಂಡ್. ಅಷ್ಟರೊಳಗೆ ಗ್ರಾಫಿಕ್ಸ್ ಡ್ರೈವರ್ ತನ್ನ ಕೆಲಸಕ್ಕೆ ಪ್ರೊಸೆಸರನ್ನು ಹಿಡಿದು ಕೂತರೆ ಮತ್ತೆ ಚರ್. ಈ ತಡವನ್ನು ಡಿಪಿಸಿ ಲೇಟೆನ್ಸಿ ಎನ್ನುತ್ತಾರೆ. ಲೇಟೆನ್ಸಿಮಾನ್ ಎಂಬ ತಂತ್ರಾಂಶ ಓಡಿಸಿದರೆ ಯಾವ ಡ್ರೈವರ್ ತಪ್ಪಿತಸ್ಥ ಎಂದು ಹೆಸರು ಹಿಡಿದು ಹೇಳುತ್ತದೆ. ಟಿಕ್ ತೆಗೆಯಲು ಮಾತ್ರ ಅಂಥ ಚೌಕ ಇಲ್ಲ.

ಇಷ್ಟಾದರೂ ಸ್ಟುಡಿಯೋ ಎಂದೊಡನೆ ಅಂಗಡಿಯವರು ಮೂರು ಫ್ಯಾನಿನ, ಬಣ್ಣದ ದೀಪದ ಆಟದ ಕಾರ್ಡನ್ನೇ ಮುಂದಿಡುತ್ತಾರೆ. 2012ರ ಐವಿ ಬ್ರಿಡ್ಜ್‌ನಿಂದೀಚೆಗೆ ಇಂಟೆಲ್ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸೇ ಮೂರು ಮಾನಿಟರ್ ನಡೆಸಬಲ್ಲದು. ಮದರ್‌ಬೋರ್ಡಿನಲ್ಲಿ ಮೂರು ಕಿಂಡಿ ಇವೆಯೇ ಎಂದು ನೋಡಿಕೊಂಡರಾಯಿತು. ಭಜನೆ, ಬಯಲಾಟ, ಭಾವಗೀತೆ ರೆಕಾರ್ಡ್ ಮಾಡುವ ಕೋಣೆಗೆ ಅದು ಸಾಕು. ಉಳಿದ ದುಡ್ಡು ಮೈಕಿಗೆ ಹೋಗಲಿ. ಮದುವೆ ವಿಡಿಯೊವನ್ನೂ ಅದೇ ಯಂತ್ರದಲ್ಲಿ ಎಡಿಟ್ ಮಾಡುವವರಿಗೆ ಬೇರೆ ಕಾರ್ಡು ಬೇಕಾದೀತು. ಆಗಲೂ ಹೊರೆ ಕಡಿಮೆಯಿದ್ದಾಗ ಫ್ಯಾನು ತಾನೇ ನಿಲ್ಲುವಂಥದ್ದು ಕೇಳಿ.

ಮ್ಯಾಟ್ರಾಕ್ಸ್ ತನ್ನ ಚಿಪ್‌ಗಳನ್ನು ಬಿಟ್ಟು 2014ರಲ್ಲಿ ಎಎಂಡಿ ಕಡೆ ತಿರುಗಿತು. 2023ರ ಲೂಮಾ ಸರಣಿಯಲ್ಲಿರುವುದು ಇಂಟೆಲ್‌ನ ಆರ್ಕ್ ಚಿಪ್. ಅದರಲ್ಲಿ ಎ310 ಎಂಬ ಮಾದರಿ ಫ್ಯಾನಿಲ್ಲದ್ದು, ನಾಲ್ಕು ಮಾನಿಟರ್ ನಡೆಸುತ್ತದೆ. ಡ್ರೈವರ್ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು, ಎಲ್ಲ ಕಾರ್ಡುಗಳಂತೆ, ಲೇಟೆನ್ಸಿಮಾನ್ ಮುಂದೆ ಕೂರಿಸಿಯೇ ನೋಡಬೇಕು.