ಸಣ್ಣ ಯಂತ್ರಗಳೂ ಸೀಸದ ಪೆಟ್ರೋಲೂ

ಸೀಸವು ನಮ್ಮ ಕರಾವಳಿಯ ಜನರಿಗೆ ಅಪರಿಚಿತವಾದ ಲೋಹವಲ್ಲ. ಗಂಗೊಳ್ಳಿಯ ಅಳಿವೆಯಲ್ಲಾಗಲಿ, ಹಂಗಾರಕಟ್ಟೆಯ ಹೊಳೆಯಲ್ಲಾಗಲಿ ಬೀಸುಬಲೆ ಬೀಸುವವರನ್ನು ಕಂಡವರಿಗೆ ಬಲೆಯ ಅಂಚಿನ ಸೀಸದ ಗುಂಡುಗಳು ಗೊತ್ತು. ಬಲೆಯನ್ನು ತಳಕ್ಕೆಳೆಯುವ ಈ ಭಾರದ ಲೋಹವು ಪೆಟ್ರೋಲಿನೊಡನೆ ಬೆರೆತು, ಹೊಗೆಯಾಗಿ ಗಾಳಿಯಲ್ಲಿ ಹಾರಾಡುತ್ತಿತ್ತೆಂದರೆ ನಂಬುವುದು ಕಷ್ಟ. ಆದರೂ ಇಪ್ಪತ್ತನೆಯ ಶತಮಾನದ ಬಹುಭಾಗ ಹಾಗೆಯೇ ನಡೆಯಿತು. ನಮ್ಮ ದೇಶದ ಬಂಕುಗಳಲ್ಲಿ ಸೀಸದ ಪೆಟ್ರೋಲು ನಿಂತುದು 2000ನೆಯ ಇಸವಿಯ ಫೆಬ್ರವರಿಯಲ್ಲಿ.

ನಿಂತು ಇಪ್ಪತ್ತೈದು ವರ್ಷಗಳೇ ಕಳೆದರೂ, "ಹಿಂದಿನ ಪೆಟ್ರೋಲಿನ ಕಸುವು ಈಗಿನದಕ್ಕಿಲ್ಲ" ಎಂಬ ಮಾತು ಮಾತ್ರ ನಿಂತಿಲ್ಲ. ಆ ಮಾತಿನ ಬೆನ್ನಿಗೇ ಅಂಗಡಿಯ ಕಪಾಟಿನಿಂದ ಒಂದು ಸಣ್ಣ ಕುಪ್ಪಿ ಇಳಿದುಬರುತ್ತದೆ. "ಒಂದ್ ಮುಚ್ಚಳ ಹಾಕಿ ಕಾಣಿ, ಎಂಜಿನ್ ಹ್ಯಾಂಗೆ ಓಡತ್ತ್ ಅಂದೇಳಿ!" ಕೊಳ್ಳುವವನು ಲಕ್ಷಾಧೀಶನಲ್ಲ, ನಾಡದೋಣಿಯ ಮೀನುಗಾರ, ಇಲ್ಲವೆ ಹುಲ್ಲು ಕತ್ತರಿಸುವ ಯಂತ್ರವನ್ನು ಹೆಗಲಿಗೇರಿಸಿ ತೋಟದಿಂದ ತೋಟಕ್ಕೆ ಹೋಗುವ ಕೂಲಿಯವ. ಕುಪ್ಪಿಗೆ ಕೊಟ್ಟ ಹಣ ಅವನ ಅರ್ಧ ದಿನದ ಅನ್ನ. ಆದುದರಿಂದ ಈ ಕಸುವಿನ ಮಾತನ್ನು ಸ್ವಲ್ಪ ಒರೆಗೆ ಹಚ್ಚಿ ನೋಡಬೇಕೆಂದು ನನಗೆ ತೋರಿತು. ನಾನು ಕಲಾ ವಿಭಾಗದ ವಿದ್ಯಾರ್ಥಿ. ವಿಜ್ಞಾನದ ಮಿತ್ರರು ನಗದೆ ಓದಬೇಕು!

ಮೊದಲು ಸೀಸವನ್ನು ಬೆರೆಸಿದುದೇಕೆ? ಸಿಲಿಂಡರಿನೊಳಗೆ ಪೆಟ್ರೋಲಿನ ಆವಿಯೂ ಗಾಳಿಯೂ ಸೇರಿದ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ. ತಕ್ಕ ಹೊತ್ತಿಗೆ ಕಿಡಿ ಹಾರಿ, ಬೆಂಕಿಯು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಬೇಕು. ಆದರೆ ಒತ್ತಡ ಬಹಳವಾದಾಗ ಬೆಂಕಿ ತಲುಪುವ ಮೊದಲೇ ಉಳಿದ ಮಿಶ್ರಣವು ತಾನಾಗಿ ಸ್ಫೋಟಗೊಳ್ಳುತ್ತದೆ. ಆಗ ಕೇಳುವ ಟಣಟಣ ಶಬ್ದಕ್ಕೆ ನಮ್ಮ ಮೆಕ್ಯಾನಿಕರು 'ಕುಟ್ಟುವುದು' ಎನ್ನುತ್ತಾರೆ. ಈ ಕುಟ್ಟನ್ನು ತಡೆಯುವ ಶಕ್ತಿಯ ಅಳತೆಯೇ ಆಕ್ಟೇನ್ ಸಂಖ್ಯೆ. ಅದು ಪೆಟ್ರೋಲಿನ ಬಲದ ಅಳತೆಯಲ್ಲ, ತಾಳ್ಮೆಯ ಅಳತೆ. 1921ರಲ್ಲಿ ಅಮೆರಿಕದ ಥಾಮಸ್ ಮಿಡ್‌ಗ್ಲೆ ಎಂಬಾತನು ಟೆಟ್ರಾಈಥೈಲ್ ಸೀಸವನ್ನು ಅತ್ಯಲ್ಪವಾಗಿ ಬೆರೆಸಿದರೆ ಈ ತಾಳ್ಮೆ ಹೆಚ್ಚುವುದೆಂದು ಕಂಡುಹಿಡಿದನು. ಮದ್ಯಸಾರದಿಂದಲೂ ಅದೇ ಫಲ ದೊರೆಯುವುದೆಂದು ಅವನಿಗೆ ತಿಳಿದಿತ್ತು. ಆದರೆ ಸೀಸವು ಅಗ್ಗ. 1924ರಲ್ಲಿ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಈ ವಸ್ತುವಿನಿಂದ ಕೆಲಸಗಾರರು ಬುದ್ಧಿಭ್ರಮಣೆಗೊಂಡು ಸತ್ತರು. ಆದರೂ ವ್ಯಾಪಾರ ನಿಲ್ಲಲಿಲ್ಲ.

ಸೀಸಕ್ಕೆ ಇನ್ನೊಂದು ಗುಣವೂ ಇತ್ತು. ಫೋರ್‌ಸ್ಟ್ರೋಕ್ ಎಂಜಿನಿನಲ್ಲಿ ಹೊಗೆ ಬಿಡುವ ವಾಲ್ವು ಕೆಂಪಗೆ ಕಾದು ತನ್ನ ಪೀಠದ ಮೇಲೆ ನಿಮಿಷಕ್ಕೆ ನೂರಾರು ಬಾರಿ ಬಡಿಯುತ್ತದೆ. ಸುಟ್ಟ ಸೀಸದ ತೆಳುವಾದ ಲೇಪವು ನಡುವೆ ನಿಂತು ಪೀಠವು ಸವೆಯದಂತೆ ಕಾಯುತ್ತಿತ್ತು. ಹಳೆಯ ಕಾರುಗಳ ಮೆದು ಎರಕದ ಕಬ್ಬಿಣದ ಪೀಠಗಳಿಗೆ ಇದರಿಂದ ಉಪಕಾರವಾದುದು ನಿಜ. ಸೀಸದ ಪಕ್ಷದವರು ಇಂದಿಗೂ ಹಿಡಿದುಕೊಂಡಿರುವುದು ಇದೊಂದೇ ವಾದವನ್ನು.

ಈಗ ನಮ್ಮ ಊರಿನ ಯಂತ್ರಗಳನ್ನು ನೋಡೋಣ. ಹುಲ್ಲು ಕತ್ತರಿಸುವ ಯಂತ್ರಗಳಲ್ಲಿಯೂ ದೋಣಿಯ ಹಿಂದೆ ತೂಗುಹಾಕುವ ಮೋಟಾರುಗಳಲ್ಲಿಯೂ ಬಹಳಷ್ಟು ಟೂಸ್ಟ್ರೋಕಿನವು. ಇಂಥವುಗಳಲ್ಲಿ ಹೊಗೆಯ ವಾಲ್ವು ಎಂಬುದೇ ಇಲ್ಲ! ಸಿಲಿಂಡರಿನ ಗೋಡೆಯಲ್ಲಿ ಒಂದು ಕಿಂಡಿ. ಪಿಸ್ಟನ್ ಕೆಳಗಿಳಿದಾಗ ಅದು ತೆರೆಯುತ್ತದೆ, ಮೇಲೇರಿದಾಗ ಮುಚ್ಚುತ್ತದೆ. ಇಲ್ಲದ ವಾಲ್ವಿಗೆ ಸೀಸವು ಯಾವ ರಕ್ಷಣೆ ಕೊಟ್ಟೀತು? ಕೊಡುತ್ತಿದ್ದುದು ಸ್ಪಾರ್ಕ್ ಪ್ಲಗ್ಗಿನ ಮೇಲೆ ಕೂರುವ ಕಿಟ್ಟವನ್ನು ಮಾತ್ರ. ಪಂಪಿನಂಥ ಫೋರ್‌ಸ್ಟ್ರೋಕ್ ಯಂತ್ರಗಳಿಗೆ ವಾಲ್ವು ಉಂಟು. ಆದರೆ ಅವುಗಳ ತಲೆಭಾಗ ಅಲ್ಯುಮಿನಿಯಮ್ಮಿನದಾದರೆ ಗಟ್ಟಿ ಲೋಹದ ಪೀಠವನ್ನು ಬೇರೆಯಾಗಿಯೇ ಕೂರಿಸಬೇಕಾಗುತ್ತದೆ. ಮೆತ್ತನೆಯ ಅಲ್ಯುಮಿನಿಯಮ್ ಆ ಬಡಿತವನ್ನು ತಾಳದು. ಟಿಲ್ಲರುಗಳ ಮಾತು ಬೇಡ. ಸಾಮಾನ್ಯವಾಗಿ ಡೀಸೆಲಿನಿಂದ ಓಡುವ ಅವಕ್ಕೆ ಸೀಸದ ಸಂಬಂಧವೇ ಇರಲಿಲ್ಲ.

ಸೀಮೆಎಣ್ಣೆಯ ದೋಣಿ ಮೋಟಾರು ಇದಕ್ಕೆ ಇನ್ನೂ ಒಳ್ಳೆಯ ಸಾಕ್ಷಿ. ಬೈಂದೂರು, ಕುಂದಾಪುರದ ಕಡಲಬದಿಯಲ್ಲಿ ಇದನ್ನು ಕಾಣದವರಿಲ್ಲ. ಪೆಟ್ರೋಲಿನಿಂದ ಹೊತ್ತಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಿರುಗಿಸುತ್ತಾರೆ. ಸೀಮೆಎಣ್ಣೆಯ ಆಕ್ಟೇನ್ ಪೆಟ್ರೋಲಿಗಿಂತ ಎಷ್ಟೋ ಕಡಿಮೆ. ಆದರೂ ಯಂತ್ರ ಕುಟ್ಟುವುದಿಲ್ಲ, ಏಕೆಂದರೆ ತಯಾರಿಸಿದವರು ಅದರ ಒತ್ತಡವನ್ನೇ ತಗ್ಗಿಸಿ ಕಟ್ಟಿದ್ದಾರೆ. ಸೀಮೆಎಣ್ಣೆಯನ್ನು ಅರಗಿಸಿಕೊಳ್ಳುವ ಯಂತ್ರಕ್ಕೆ ಆಕ್ಟೇನಿನ ಕುಪ್ಪಿ ಹಾಕುವುದು ಗಂಜಿ ಉಂಡು ಗಟ್ಟಿಯಾಗಿರುವವನಿಗೆ ಲೇಹ್ಯ ಮಾರಿದಂತೆ.

ಸೀಸದ ಪೆಟ್ರೋಲನ್ನು ನಿಲ್ಲಿಸಿದುದು ಯಂತ್ರದ ಸಲುವಾಗಿಯಲ್ಲ, ಮಕ್ಕಳ ಸಲುವಾಗಿ. ಬಲೆಯ ಸೀಸವು ಬಲೆಯಲ್ಲಿಯೇ ಇರುತ್ತದೆ. ಪೆಟ್ರೋಲಿನ ಸೀಸವಾದರೋ ಕಣ್ಣಿಗೆ ಕಾಣದ ಧೂಳಾಗಿ ಉಸಿರನ್ನೂ ಅಂಗಳದ ಮಣ್ಣನ್ನೂ ಸೇರುತ್ತಿತ್ತು. ದೇಹವು ಅದನ್ನು ಸುಣ್ಣದ ಸತ್ತ್ವವೆಂದು ಭ್ರಮಿಸಿ ಎಲುಬಿನಲ್ಲಿ ಕೂಡಿಡುತ್ತದೆ. ಬೆಳೆಯುವ ಮಿದುಳನ್ನು ಅದು ಕೆಡಿಸುತ್ತದೆ. 1997ರಿಂದ 1999ರವರೆಗೆ ಬೆಂಗಳೂರಿನ ಜಾರ್ಜ್ ಫೌಂಡೇಶನ್ನಿನವರು ದೇಶದ ಕೆಲವು ದೊಡ್ಡ ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ, ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಡೆಸಿಲೀಟರು ರಕ್ತದಲ್ಲಿ 10 ಮೈಕ್ರೋಗ್ರಾಮಿಗಿಂತ ಹೆಚ್ಚು ಸೀಸ ಕಂಡುಬಂದಿತು. ಈ ಕೆಲಸದಲ್ಲಿ ಡಾ. ವೆಂಕಟೇಶ್ ತುಪ್ಪಿಲ್ ಅವರ ಪಾತ್ರ ದೊಡ್ಡದು.

ಒಂದು ಸಣ್ಣ ಲೆಕ್ಕ ಹಾಕೋಣ. 'ಕಡಿಮೆ ಸೀಸದ್ದು' ಎಂದು 1990ರ ದಶಕದಲ್ಲಿ ಮಾರಿದ ಪೆಟ್ರೋಲಿನಲ್ಲಿಯೂ ಲೀಟರಿಗೆ 0.15 ಗ್ರಾಮಿನವರೆಗೆ ಸೀಸವಿರಬಹುದಿತ್ತು. 10 ಲೀಟರಿನ ಕ್ಯಾನಿನಲ್ಲಿ ಒಂದೂವರೆ ಗ್ರಾಂ ಆಯಿತು. ಒಂದೂವರೆ ಲೀಟರು ರಕ್ತವಿರುವ ಮಗುವಿನಲ್ಲಿ ಮೇಲಿನ 10ರ ಮಟ್ಟ ಮುಟ್ಟಲು ರಕ್ತದಲ್ಲಿ ಬೇಕಾದುದು 150 ಮೈಕ್ರೋಗ್ರಾಂ. ಕ್ಯಾನಿನಲ್ಲಿದ್ದುದು ಅದರ ಹತ್ತು ಸಾವಿರ ಪಟ್ಟು! ಎಲ್ಲವೂ ಮೈಸೇರುವುದಿಲ್ಲ, ನಿಜ. ಆದರೆ ಹುಲ್ಲು ಯಂತ್ರದ ಹೊಗೆ ಹೊರಡುವುದು ಅದನ್ನು ಹೊತ್ತವನ ಮೂಗಿನ ಹತ್ತಿರ. ಕ್ಯಾನು ಇರುವುದು ಮನೆಯ ಜಗಲಿಯಲ್ಲಿ. ಜಗತ್ತಿನಲ್ಲಿ ಕೊನೆಗೆ ಈ ಪೆಟ್ರೋಲನ್ನು ಬಿಟ್ಟ ದೇಶ ಅಲ್ಜೀರಿಯ, 2021ರಲ್ಲಿ. ಪಿಸ್ಟನ್ ಎಂಜಿನಿನ ಸಣ್ಣ ವಿಮಾನಗಳ ಇಂಧನದಲ್ಲಿ ಮಾತ್ರ ಸೀಸವು ಇನ್ನೂ ಉಳಿದಿದೆ.

ಇನ್ನು ಕುಪ್ಪಿಗಳು. ಆಕ್ಟೇನ್ ಹೆಚ್ಚಿಸುತ್ತೇವೆನ್ನುವ ಕೆಲವುಗಳಲ್ಲಿ ಮ್ಯಾಂಗನೀಸಿನ ಸಂಯುಕ್ತ, ಕೆಲವುಗಳಲ್ಲಿ ಕಬ್ಬಿಣದ ಫೆರೋಸೀನ್ ಇರುತ್ತದೆ. ಇವು ಪ್ಲಗ್ಗಿನ ಮೇಲೆ ಕೆಂಪು ಪುಡಿಯಾಗಿ ಕೂರುವುದುಂಟು. ಟೂಸ್ಟ್ರೋಕಿಗೆ ನಿಜವಾಗಿ ಬೇಕಾದ ಬೆರಕೆ ಒಂದೇ, ಅದರ ಎಣ್ಣೆ. ಬೇರೆ ಎಣ್ಣೆತೊಟ್ಟಿ ಇಲ್ಲದ ಇಂಥ ಯಂತ್ರಕ್ಕೆ ಪೆಟ್ರೋಲಿನ ಜತೆ ಬಂದ ಎಣ್ಣೆಯೇ ಜೀವ. ತಯಾರಕರು 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರು, 25ಕ್ಕೆ 1 ಎಂದಿದ್ದರೆ 40. ಕಣ್ಣಂದಾಜು ಸಲ್ಲದು.

ನಮ್ಮ ಕಡೆ ಈಗ ಹೆದರಬೇಕಾದುದು ನೀರಿಗೆ. ಬಂಕಿನ ಪೆಟ್ರೋಲಿನಲ್ಲಿ ಇಂದು ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಮಿಡ್‌ಗ್ಲೆ ಬದಿಗಿಟ್ಟ ಮದ್ಯಸಾರವೇ ಇದು. ಸೀಸದ ಕೆಲಸವನ್ನು ವಿಷವಿಲ್ಲದೆ ಮಾಡುತ್ತಿದೆ. ಆದರೆ ಹಳೆಯ ಯಂತ್ರಗಳ ರಬ್ಬರು ಕೊಳವೆ, ಕಾರ್ಬುರೇಟರಿನ ಪೊರೆ ಇವನ್ನು ಉಬ್ಬಿಸಬಲ್ಲದು, ಗಾಳಿಯ ತೇವವನ್ನೂ ಹೀರುತ್ತದೆ. ನಾಡದೋಣಿಗಳ ಸುಗ್ಗಿಯೋ ಜೂನ್, ಜುಲೈ ತಿಂಗಳ ಮಳೆಗಾಲ. ದೊಡ್ಡ ಯಾಂತ್ರಿಕ ದೋಣಿಗಳಿಗೆ ಆಗ ನಿಷೇಧವಿರುತ್ತದೆ. ಹುಲ್ಲು ಬೆಳೆಯುವುದೂ ಆಗಲೇ. ಕ್ಯಾನಿನೊಳಗೆ ನೀರು ಒಂದು ಮಿತಿ ಮೀರಿದರೆ ಅದು ಎಥನಾಲನ್ನು ಸೆಳೆದುಕೊಂಡು ತಳಕ್ಕಿಳಿದು ಬೇರೆ ಪದರವಾಗುತ್ತದೆ. ಆ ಪದರದಲ್ಲಿ ಯಂತ್ರದ ಎಣ್ಣೆ ಕರಗದು. ಕೊಳವೆ ಇಂಧನವನ್ನು ಎಳೆಯುವುದು ತಳದಿಂದಲೇ. ಎಣ್ಣೆ ಕಾಣದ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಆಗ ಬೈಗುಳ ಕೇಳುವುದು ಸೀಸವಿಲ್ಲದ ಪೆಟ್ರೋಲು!

ಪರೀಕ್ಷೆ ಸುಲಭ. ಒಲೆಯಿಂದ ದೂರ, ಬಯಲಿನಲ್ಲಿ, ಕ್ಯಾನಿನ ತಳದ ಪೆಟ್ರೋಲನ್ನು ಬಿಳಿಯ ಗಾಜಿನ ಕುಪ್ಪಿಗೆ ಬಸಿದು ಅರ್ಧ ಗಂಟೆ ಅಲುಗಿಸದೆ ಇಡಬೇಕು. ಅಡಿಯಲ್ಲಿ ಗೆರೆ ಕಂಡರೆ ಆ ಕ್ಯಾನಿನದನ್ನು ಯಂತ್ರಕ್ಕೆ ಹಾಕಬಾರದು. ಮೇಲಿನ ತಿಳಿಯನ್ನು ಬಸಿದುಕೊಂಡರೂ ಪ್ರಯೋಜನವಿಲ್ಲ, ಎಥನಾಲ್ ಕಳೆದುಕೊಂಡ ಅದರ ಆಕ್ಟೇನ್ ಇಳಿದಿರುತ್ತದೆ. ಕ್ಯಾನನ್ನು ಒಣಗಿಸಿ, ಹದಿನೈದು ದಿನಕ್ಕೆ ಸಾಕಾಗುವಷ್ಟನ್ನು ಮಾತ್ರ ತಂದು, ಮುಚ್ಚಳ ಬಿಗಿದು ನೆರಳಿನಲ್ಲಿಡಬೇಕು.