ಮಾರುವ ಮನೆಗೂ ಒಂದು ಮುಖವಿದೆ: ಮೊಬೈಲ್ ಪರದೆಯಲ್ಲಿ ಮುಂಬಯಿಗರ ಫ್ಲ್ಯಾಟುಗಳು

ಮುಂಬಯಿ: ಮಹಾನಗರದ ತುಳು-ಕನ್ನಡಿಗರಲ್ಲಿ ಮನೆ ಮಾರಾಟವೆಂದರೆ ಒಂದು ಕಾಲದಲ್ಲಿ ಬಾಯಿಮಾತಿನಲ್ಲೇ ಮುಗಿಯುತ್ತಿದ್ದ ವ್ಯವಹಾರ. ಸಂಘದ ವಾರ್ಷಿಕೋತ್ಸವದ ಊಟದ ಸಾಲಿನಲ್ಲೋ, ಶನಿಪೂಜೆಯ ಪ್ರಸಾದ ಹಂಚುವ ಹೊತ್ತಿನಲ್ಲೋ 'ನಮ್ಮ ಬಿಲ್ಡಿಂಗಿನಲ್ಲಿ ಒಂದು ಮನೆ ಕೊಡುತ್ತಾರಂತೆ' ಎಂಬ ಮಾತು ಬಿದ್ದರೆ ಸಾಕಿತ್ತು, ಊರಿನವರೇ ಯಾರಾದರೂ ಮುಂದೆ ಬರುತ್ತಿದ್ದರು. ಬಾರದಿದ್ದರೆ ಸ್ಟೇಷನ್ ಬದಿಯ ಎಸ್ಟೇಟ್ ಏಜೆಂಟರ ಹಲಗೆಯ ಮೇಲೆ ಬರೆಸಿದರಾಯಿತು. ಮನೆಯ ಫೋಟೋ ತೆಗೆಸಬೇಕೆಂಬ ಯೋಚನೆ ಯಾರಿಗೂ ಇರಲಿಲ್ಲ.

2005ರಲ್ಲಿ 99ಏಕರ್ಸ್, 2006ರಲ್ಲಿ ಮ್ಯಾಜಿಕ್‌ಬ್ರಿಕ್ಸ್, 2014ರಲ್ಲಿ ಬೆಂಗಳೂರಿನಿಂದ ನೋಬ್ರೋಕರ್ ಬಂದ ಬಳಿಕ ಚಿತ್ರವೇ ಬದಲಾಯಿತು. ಇಂದು ಡೊಂಬಿವಲಿಯ ಮನೆಯನ್ನು ಕೊಳ್ಳುವವರು ಮೊದಲು ನೋಡುವುದು ಐರೋಲಿಯ ಕಚೇರಿಯಿಂದ ಮರಳುವ ರೈಲಿನಲ್ಲಿ, ಒಂದು ಕೈಯಲ್ಲಿ ಹಿಡಿಕೆ ಹಿಡಿದು ಇನ್ನೊಂದು ಕೈಯ ಮೊಬೈಲಿನಲ್ಲಿ. ಒಂದು ಮನೆಗೆ ಅವರು ಕೊಡುವ ಸಮಯ ಕೆಲವೇ ಕ್ಷಣ. ಮೊದಲ ಫೋಟೋ ಹಿಡಿಸದಿದ್ದರೆ ಬೆರಳು ಮುಂದಿನ ಮನೆಗೆ ಸರಿದು ಬಿಡುತ್ತದೆ.

ಇತ್ತ ಮಾರುವವರು ಯಾರು? ಐವತ್ತು ವರ್ಷಗಳ ಹಿಂದೆ ಬರಿಗೈಯಲ್ಲಿ ಬಂದು, ಹಗಲು ಕ್ಯಾಂಟೀನಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಚಾಳಿನ ಖೋಲಿಯಿಂದ ಡೊಂಬಿವಲಿ, ಮೀರಾರೋಡ್, ನಲಾಸೋಪಾರಗಳ ಒಂದು ಕೋಣೆ-ಹಾಲ್-ಅಡುಗೆಮನೆಯ ಫ್ಲ್ಯಾಟಿಗೆ ಏರಿದ ತಲೆಮಾರು. ಇವರಲ್ಲಿ ಅನೇಕರಿಗೆ ಆ ಫ್ಲ್ಯಾಟೇ ಜೀವಮಾನದ ಏಕೈಕ ಉಳಿತಾಯ. ಊರಿನಲ್ಲಿ ಅರ್ಧ ಕಟ್ಟಿ ನಿಲ್ಲಿಸಿದ ಮನೆ, ಮೊಣಕಾಲಿನ ಶಸ್ತ್ರಚಿಕಿತ್ಸೆ, ಮಗಳ ಮದುವೆ ಇವೆಲ್ಲ ಅದರ ಮಾರಾಟಕ್ಕೆ ಕಾದು ಕುಳಿತಿರುತ್ತವೆ. ಆದರೆ ಜಾಹೀರಾತಿಗೆ ಏರಿಸಿದ ಫೋಟೋ ಮಾತ್ರ ರಾತ್ರಿ ಒಂಬತ್ತಕ್ಕೆ ಫ್ಲ್ಯಾಶ್ ಹಾಕಿ, ಟಿವಿ ಓಡುತ್ತಿರುವಾಗಲೇ, ಸೋಫಾದ ಮೇಲೆ ಯಾರದೋ ಕಾಲು ಕಾಣುವಂತೆ ತೆಗೆದದ್ದಾಗಿರುತ್ತದೆ. ಕರೆಗಳು ಬಾರದೆ ಎರಡು ತಿಂಗಳು ಕಳೆದ ಮೇಲೆ ಏಜೆಂಟರು 'ರೇಟು ಇಳಿಸಿ' ಎನ್ನುತ್ತಾರೆ, ಮನೆಯವರು ಇಳಿಸುತ್ತಾರೆ. ಇಳಿಸುವ ಮೊದಲು ಫೋಟೋ ಒಮ್ಮೆ ಬದಲಾಯಿಸಿ ನೋಡೋಣ ಎನ್ನುವವರು ವಿರಳ.

ಫೋಟೋಕ್ಕಿಂತ ಮೊದಲ ಕೆಲಸ ಮನೆ ಖಾಲಿ ಮಾಡುವುದು. ಮುಂಬಯಿಯ ಮನೆ ಚಿಕ್ಕದು, ಅದರೊಳಗಿನ ಸಂಸಾರ ದೊಡ್ಡದು. ಅಟ್ಟದ ಮೇಲೆ ಊರಿನಿಂದ ತಂದ ಕಂಚಿನ ಪಾತ್ರೆ, ಮಂಚದ ಅಡಿಯಲ್ಲಿ ಟ್ರಂಕು, ಕಪಾಟಿನ ನೆತ್ತಿಯಲ್ಲಿ ಸೂಟ್‌ಕೇಸು, ಬಾಗಿಲ ಹಿಂದೆ ಅಕ್ಕಿಯ ಡಬ್ಬ, ಗೋಡೆಗೆ ಮೂರು ಸಹಕಾರಿ ಬ್ಯಾಂಕುಗಳ ಕ್ಯಾಲೆಂಡರು. ಇರುವವರ ಕಣ್ಣಿಗೆ ಇದ್ಯಾವುದೂ ಬೀಳುವುದಿಲ್ಲ, ಕ್ಯಾಮರಾದ ಕಣ್ಣಿಗೆ ಇದೇ ಮೊದಲು ಬೀಳುತ್ತದೆ. ಹೇಗೂ ಊರಿಗೆ ಸಾಗಿಸಲೇಬೇಕಾದ ಸಾಮಾನನ್ನು ಮಾರಾಟದ ನಂತರ ಕಟ್ಟುವ ಬದಲು ಮೊದಲೇ ಕಟ್ಟಿದರೆ ಎರಡು ಕೆಲಸ ಒಂದೇ ಖರ್ಚಿನಲ್ಲಿ ಮುಗಿಯುತ್ತದೆ. ನೆಲ ಎಷ್ಟು ಕಾಣುತ್ತದೋ ಕೋಣೆ ಅಷ್ಟು ದೊಡ್ಡದಾಗಿ ಕಾಣುತ್ತದೆ. ಹಾಲ್‌ನಲ್ಲಿ ಹಾಸಿದ ಹೆಚ್ಚುವರಿ ಮಂಚವೊಂದನ್ನು ನೆರೆಮನೆಗೆ ದಾಟಿಸಿದರೆ ಸಾಕು, ಬಣ್ಣ ಬಳಿಸಿದ್ದಕ್ಕಿಂತ ಹೆಚ್ಚು ವ್ಯತ್ಯಾಸ ಕಾಣಿಸುತ್ತದೆ. ಕಿಟಕಿಯ ಬಾಕ್ಸ್ ಗ್ರಿಲ್ಲಿನೊಳಗೆ ತುಂಬಿಟ್ಟ ಒಡೆದ ಬಕೆಟು, ಒಣಗಿದ ತುಳಸಿ ಕುಂಡ, ಹಗ್ಗದಲ್ಲಿ ತೂಗುವ ಬಟ್ಟೆ ತೆಗೆದೊಡನೆ ಒಳಗೆ ಬೆಳಕೂ ಬರುತ್ತದೆ. ಅಡುಗೆಮನೆಯ ಕಡಪ ಕಲ್ಲಿನ ಕಟ್ಟೆಗೆ ಗ್ರಾನೈಟ್ ಹಾಕಿಸುವ ಅಗತ್ಯವಿಲ್ಲ. ಅದರ ಮೇಲಿನ ಡಬ್ಬಗಳನ್ನು ಇಳಿಸಿ ಎಣ್ಣೆ ಬಟ್ಟೆಯಿಂದ ಒರೆಸಿದರೆ ಕರಿಕಲ್ಲು ಹೊಳೆಯುತ್ತದೆ. ಸ್ನಾನದ ಮನೆಯ ಫೋಟೋ ಹಾಕಲು ಹಲವರು ನಾಚುತ್ತಾರೆ. ಅದನ್ನು ಬಿಟ್ಟರೆ ಕೊಳ್ಳುವವರಿಗೆ ಅನುಮಾನ ಬರುತ್ತದೆಯೇ ವಿನಾ ಮರ್ಯಾದೆಯೇನೂ ಉಳಿಯುವುದಿಲ್ಲ. ಬಕೆಟು, ಬ್ರಷ್ಷು ಸರಿಸಿ, ಕಮೋಡಿನ ಮುಚ್ಚಳ ಮುಚ್ಚಿ ಒಂದು ಫೋಟೋ ಹಾಕಲೇಬೇಕು.

ಇನ್ನು ಬೆಳಕಿನ ವಿಚಾರ. ಕಟ್ಟಡಕ್ಕೆ ಕಟ್ಟಡ ಅಂಟಿಕೊಂಡಿರುವ ಈ ಉಪನಗರಗಳಲ್ಲಿ ಹಾಲ್‌ಗೆ ದಿನಕ್ಕೆ ಒಂದೆರಡು ತಾಸು ಮಾತ್ರ ಒಳ್ಳೆಯ ಬೆಳಕು. ಅದು ಯಾವ ಹೊತ್ತೆಂದು ಕಿಟಕಿಯಲ್ಲಿ ಹಪ್ಪಳ ಒಣಗಿಸುವ ಮನೆಯಾಕೆಗೆ ಗೊತ್ತು. ಫೋಟೋ ತೆಗೆಯಬೇಕಾದ ಹೊತ್ತೂ ಅದೇ. ಆಗ ಫ್ಲ್ಯಾಶ್ ಬೇಡ. ಹಗಲು ಬೆಳಕಿನ ಜತೆ ಹಳದಿ ಬಲ್ಬು ಬೆರೆತರೆ ಬಿಳಿ ಗೋಡೆಯೂ ಕಾಮಾಲೆ ಹಿಡಿದಂತೆ ಕಾಣುತ್ತದೆ. ಕಿಟಕಿಗೆ ನೇರ ಮುಖ ಮಾಡಿ ತೆಗೆದರೆ ಕೋಣೆಯೆಲ್ಲ ಕತ್ತಲೆ, ಆದ್ದರಿಂದ ಕಿಟಕಿ ಬೆನ್ನಿಗೆ ಅಥವಾ ಪಕ್ಕಕ್ಕೆ ಇರಲಿ. ಮೊಬೈಲನ್ನು ಅಡ್ಡಲಾಗಿ, ಎದೆಯ ಎತ್ತರದಲ್ಲಿ ಹಿಡಿದು, ಬಾಗಿಲಿನಿಂದ ಅಥವಾ ಮೂಲೆಯಿಂದ, ಗೋಡೆಯ ಅಂಚು ನೆಟ್ಟಗೆ ಕಾಣುವಂತೆ ತೆಗೆಯಬೇಕು. ಹತ್ತಡಿಯ ಕೋಣೆಯನ್ನು ಹದಿನೈದು ಅಡಿಯಂತೆ ತೋರಿಸುವ ಅಗಲ ಲೆನ್ಸ್ ಈಗ ಹಲವು ಮೊಬೈಲುಗಳಲ್ಲಿ ಇದೆ. ಆ ಆಸೆಗೆ ಬೀಳದಿರುವುದೇ ಲೇಸು. ಕೊಳ್ಳುವವರು ಎರಡು ರೈಲು ಬದಲಿಸಿ ಬಂದು ಹೊಸ್ತಿಲಲ್ಲಿ ನಿಂತಾಗ 'ಇಷ್ಟೇನಾ?' ಎಂಬ ಭಾವ ಅವರ ಮುಖದಲ್ಲಿ ಮೂಡಿದರೆ ವ್ಯವಹಾರ ಅಲ್ಲಿಗೇ ಮುಗಿದಂತೆ.

ಸುಳ್ಳು ಹೆಚ್ಚು ನುಸುಳುವುದು ಮಳೆಗಾಲದ ಗೋಡೆಯಲ್ಲಿ. ಜೂನ್ ಬಂತೆಂದರೆ ಮುಂಬಯಿಯ ಅರ್ಧಕ್ಕರ್ಧ ಹಳೆ ಕಟ್ಟಡಗಳು ನೀಲಿ ತಾಡಪಾಲು ಹೊದ್ದು ಕೂರುತ್ತವೆ. ಮಾಡಿನ ಕೆಳಗಿನ ಮಹಡಿಯಲ್ಲಿ, ಮೇಲಿನ ಮನೆಯ ಸ್ನಾನಗೃಹದ ಅಡಿಯಲ್ಲಿ ಉಪ್ಪು ಬಿಟ್ಟ ತೇವ ಕಾಣುತ್ತದೆ. ಅದರ ಮೇಲೆ ಒಂದು ಕೈ ಬಣ್ಣ ಬಳಿದು ಫೋಟೋ ತೆಗೆಸುವ ಸಲಹೆ ಕೊಡುವವರಿಗೆ ಬರಗಾಲವಿಲ್ಲ. ಈಗಂತೂ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಬ್ರಷ್ಷೂ ಬೇಡ ಎನ್ನುತ್ತವೆ. ಬೆರಳಾಡಿಸಿದರೆ ಕಲೆ ಮಾಯ, ಖಾಲಿ ಕೋಣೆಯಲ್ಲಿ ಸೋಫಾ ಪ್ರತ್ಯಕ್ಷ, ಕಿಟಕಿಯ ಹೊರಗಿನ ಗೋಡೆ ಇದ್ದಲ್ಲಿ ಹಸಿರು ಬೆಟ್ಟ. ಆದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ತನಗೆ ಗೊತ್ತಿದ್ದು, ಸಾಮಾನ್ಯ ಎಚ್ಚರದಿಂದ ನೋಡಿದರೂ ಕೊಳ್ಳುವವರಿಗೆ ಕಾಣದಂಥ ಮುಖ್ಯ ದೋಷವನ್ನು ತಿಳಿಸುವುದು ಮಾರುವವರ ಹೊಣೆ. ಕಾನೂನಿನ ಮಾತು ಒತ್ತಟ್ಟಿಗಿರಲಿ, ಮುಂದಿನ ಮಳೆಗೆ ಆ ಬಣ್ಣ ಏಳುವುದು ಖಂಡಿತ. ಬಣ್ಣಕ್ಕೆ ಸುರಿಯುವ ಹಣವನ್ನು ಸೋರಿಕೆಯ ಮೂಲ ಸರಿಪಡಿಸಲು ವ್ಯಯಿಸಿ, ಸೊಸೈಟಿಯೊಂದಿಗಿನ ಪತ್ರವ್ಯವಹಾರವನ್ನೂ ಖರ್ಚಿನ ರಸೀದಿಯನ್ನೂ ತೆಗೆದಿರಿಸಿದರೆ ಕೊಳ್ಳುವವರ ಮುಂದೆ ಇಡಲು ಒಂದು ಆಧಾರವಿರುತ್ತದೆ. ಸರಿಪಡಿಸಲಾಗದಿದ್ದರೆ ಇದ್ದದ್ದನ್ನು ಇದ್ದಂತೆ ಬರೆಯಬೇಕು. ಅದಕ್ಕಾಗಿ ಬೆಲೆಯಲ್ಲಿ ಸ್ವಲ್ಪ ಬಿಡಬೇಕಾಗಬಹುದು, ಆದರೆ ಟೋಕನ್ ಕೊಟ್ಟ ಬಳಿಕ ಗಿರಾಕಿ ಹಿಂದೆ ಸರಿಯುವ ಪ್ರಸಂಗ ಬರಲಾರದು.

ಫೋಟೋದ ಕೆಳಗಿನ ಬರಹದಲ್ಲೂ ಇದೇ ಮಾತು. 'ಸ್ಟೇಷನ್‌ನಿಂದ 5 ನಿಮಿಷ' ಎಂದು ಬರೆಯದ ಮನೆಯೇ ಇಲ್ಲ. ಆ ಐದು ನಿಮಿಷ ನಡಿಗೆಯದೋ, ಶೇರ್ ರಿಕ್ಷಾದ್ದೋ ಎಂದು ಬರೆಯುವವರು ಕಡಿಮೆ. ಹಳೆಯ ಕರಾರು ಪತ್ರಗಳಲ್ಲಿ ಬಿಲ್ಟ್ ಅಪ್ ಲೆಕ್ಕದ ಚದರಡಿ ಇರುತ್ತದೆ. ಏಜೆಂಟರು ಅದಕ್ಕೆ ಇನ್ನಷ್ಟು ಸೇರಿಸಿ ಸೂಪರ್ ಬಿಲ್ಟ್ ಅಪ್ ಮಾಡುತ್ತಾರೆ. 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಎಂದರೆ ಏನೆಂದು ಸ್ಪಷ್ಟಪಡಿಸಿತು: ಒಳಗೋಡೆಗಳು ಸೇರಿ ಬಳಸಬಹುದಾದ ನೆಲ, ಹೊರಗೋಡೆ, ಬಾಲ್ಕನಿ, ತೆರೆದ ಟೆರೇಸು ಲೆಕ್ಕಕ್ಕಿಲ್ಲ. ಬಿಲ್ಡರುಗಳಿಗಾಗಿ ಬಂದ ನಿಯಮವಾದರೂ ಇಂದು ಹಳೆ ಮನೆ ಕೊಳ್ಳುವವರೂ ಕೇಳುವುದು ಅದನ್ನೇ. ಟೇಪು ಹಿಡಿದು ಅಳೆದು ಆ ಒಂದೇ ಸಂಖ್ಯೆಯನ್ನು ಬರೆಯುವುದು ಉತ್ತಮ.

ಫೋಟೋಗಿಂತ ಹೆಚ್ಚು ಕರೆ ತರುವ ಇನ್ನೊಂದು ಸಾಲಿದೆ. ಕಲ್ಯಾಣ್-ಡೊಂಬಿವಲಿ ಪಾಲಿಕೆ ವ್ಯಾಪ್ತಿಯ 65 ಅನಧಿಕೃತ ಕಟ್ಟಡಗಳನ್ನು ತೆರವುಗೊಳಿಸುವಂತೆ ಬಾಂಬೆ ಹೈಕೋರ್ಟ್ 2024ರ ನವೆಂಬರಿನಲ್ಲಿ ಆದೇಶಿಸಿದ ಮೇಲೆ ಆ ಭಾಗದಲ್ಲಿ ಮನೆ ಹುಡುಕುವವರಿಗೆ ಕಾಗದಪತ್ರದ ಚಿಂತೆಯೇ ಮೊದಲು. ಕಟ್ಟಡಕ್ಕೆ ವಾಸಯೋಗ್ಯ ಪ್ರಮಾಣಪತ್ರ ಅಂದರೆ ಓಸಿ ಇದ್ದರೆ, ಸೊಸೈಟಿ ನೋಂದಣಿಯಾಗಿದ್ದರೆ, ಷೇರ್ ಸರ್ಟಿಫಿಕೇಟ್ ಕೈಯಲ್ಲಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಕು. ಮಹಡಿ, ಲಿಫ್ಟು, ತಿಂಗಳ ಮೆಂಟೆನೆನ್ಸ್, ನೀರು ಬರುವ ಹೊತ್ತು ಇಷ್ಟನ್ನೂ ಮುಚ್ಚುಮರೆಯಿಲ್ಲದೆ ಬರೆದರೆ ಅನಗತ್ಯ ಕರೆಗಳೂ ಕಡಿಮೆಯಾಗುತ್ತವೆ.

ಕಷ್ಟದ ಕೆಲಸ ಬೇರೆಯೇ ಇದೆ. ಮಾರುವ ಮನೆಯ ಫೋಟೋದಲ್ಲಿ ಮನೆಯವರು ಇರಬಾರದು. ಮಕ್ಕಳ ಪದವಿ ಪ್ರದಾನದ ಫೋಟೋ, ಸಂಘ ನೀಡಿದ ಸ್ಮರಣಿಕೆ, ಹಾರ ಹಾಕಿದ ಹಿರಿಯರ ಭಾವಚಿತ್ರ, ಮಕ್ಕಳ ಎತ್ತರ ಗುರುತಿಸಿದ ಬಾಗಿಲ ಚೌಕಟ್ಟಿನ ಪೆನ್ಸಿಲ್ ಗೆರೆ ಎಲ್ಲವೂ ಮರೆಯಾಗಬೇಕು. ನೋಡುವವರು ಅಲ್ಲಿ ತಮ್ಮ ಸಂಸಾರವನ್ನು ಇಟ್ಟು ನೋಡಲು ಜಾಗ ಬೇಕಲ್ಲ. ಸುರಕ್ಷತೆಯ ದೃಷ್ಟಿಯಿಂದಲೂ ಇದು ಅಗತ್ಯ. ಹೆಸರಿನ ಫಲಕ, ಫ್ಲ್ಯಾಟ್ ನಂಬ್ರ, ತೂಗುಹಾಕಿದ ಕೀಲಿಗೊಂಚಲು, ದೇವರ ಮಂಟಪದ ಬೆಳ್ಳಿ ಸಾಮಾನು ಊರೆಲ್ಲ ನೋಡುವ ಪರದೆಯ ಮೇಲೆ ಬರಬಾರದು. ಹಿರಿಯರು ಇಲ್ಲಿ ಎದುರು ಮಾತನಾಡುವುದುಂಟು. ನಲವತ್ತು ವರ್ಷ ದೀಪ ಹಚ್ಚಿದ ಮೂಲೆಯನ್ನು ಒಂದು ಫೋಟೋಗಾಗಿ ಖಾಲಿ ಮಾಡಲು ಮನಸ್ಸು ಒಪ್ಪುವುದಿಲ್ಲ. ಹಾಗಿದ್ದರೆ ಆ ಮೂಲೆಯನ್ನು ಬಿಟ್ಟು ಉಳಿದದ್ದನ್ನು ತೆಗೆದರಾಯಿತು, ಅದಕ್ಕೇನೂ ನಷ್ಟವಿಲ್ಲ.

ಜಾಹೀರಾತು ಬಿದ್ದ ದಿನವೇ ಮೋಸಗಾರರ ಕರೆಯೂ ಬರಬಹುದು. ಸೇನೆಯ ಅಧಿಕಾರಿ ಎಂದು ಹೇಳಿಕೊಂಡು, ಮನೆ ನೋಡದೆಯೇ ಒಪ್ಪಿ, ಟೋಕನ್ ಕಳುಹಿಸುತ್ತೇನೆ ಎಂದು ಕ್ಯೂಆರ್ ಕೋಡ್ ಕಳುಹಿಸಿ ಸ್ಕ್ಯಾನ್ ಮಾಡಲು ಒತ್ತಾಯಿಸುವುದು ಇವರ ಪರಿಪಾಠ. ಹಣ ಬರಬೇಕಾದರೆ ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿದರೆಂದರೆ ಹಣ ಹೋಗುತ್ತಿದೆ ಎಂದೇ ಅರ್ಥ. ಮಕ್ಕಳು ವಿದೇಶದಲ್ಲಿದ್ದು ಒಂಟಿಯಾಗಿರುವ ಹಿರಿಯರು ಇಂಥ ಕರೆಗಳಿಗೆ ಸುಲಭವಾಗಿ ಬಲಿಯಾಗುವ ಕಾರಣ, ಜಾಹೀರಾತಿನಲ್ಲಿ ಮನೆಯ ಕಿರಿಯರೊಬ್ಬರ ನಂಬ್ರ ಹಾಕುವುದು ಕ್ಷೇಮ.

ವ್ಯವಹಾರ ಮುಗಿದು ನೋಂದಣಿಯಾದ ಕೂಡಲೇ ಜಾಹೀರಾತನ್ನು ತೆಗೆಸಲು ಅನೇಕರು ಮರೆಯುತ್ತಾರೆ. ಏಜೆಂಟರು ಅದೇ ಫೋಟೋಗಳನ್ನು ತಮ್ಮ ಹೆಸರಿನಲ್ಲಿ ಮತ್ತೆ ಏರಿಸಿರುವುದೂ ಉಂಟು, ಅದನ್ನೂ ಹುಡುಕಿ ತೆಗೆಸಬೇಕು. ಇಲ್ಲವಾದರೆ ಸಾಮಾನು ಕಟ್ಟಿ ಊರಿಗೆ ಹೋಗಿ, ಹೊಸ ಮನೆಯ ಜಗಲಿಯಲ್ಲಿ ಕುಳಿತವರಿಗೂ 'ಫ್ಲ್ಯಾಟ್ ಅಭೀ ಖಾಲಿ ಹೈ ಕ್ಯಾ?' ಎಂಬ ಕರೆ ಬರುತ್ತಲೇ ಇರುತ್ತದೆ.