ಯಕೃತ್ತಿನ ಒತ್ತಡದ ಅಳತೆ ಮತ್ತು ರೋಗಿಯ ಸಹನೆ

ನಮ್ಮ ದೇಹದಲ್ಲಿ ಯಕೃತ್ತಿನಷ್ಟು ಸದ್ದಿಲ್ಲದೆ ದುಡಿಯುವ ಅಂಗ ಮತ್ತೊಂದಿಲ್ಲವೆನ್ನಬಹುದು. ಜಠರ, ಕರುಳು, ಗುಲ್ಮಗಳಿಂದ ಬರುವ ರಕ್ತವು ಪೋರ್ಟಲ್ ಅಭಿಧಮನಿಯೆಂಬ ದೊಡ್ಡ ನಾಳದ ಮೂಲಕ ಅದನ್ನು ಸೇರಿ, ಅಲ್ಲಿಂದ ಹೃದಯದ ಕಡೆಗೆ ಸಾಗುತ್ತದೆ. ಮದ್ಯಪಾನ, ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು, ಯಕೃತ್ತಿನಲ್ಲಿ ಶೇಖರವಾಗುವ ಕೊಬ್ಬು ಮೊದಲಾದ ಕಾರಣಗಳಿಂದ ಈ ಅಂಗ ಬಹುಕಾಲ ನೊಂದರೆ, ಮಾಯ್ದ ಗಾಯದ ಕಲೆಯಂಥ ಗಡಸು ನಾರು ಅದರ ತುಂಬ ಬೆಳೆಯುತ್ತದೆ. ಇದೇ ಸಿರೋಸಿಸ್. ಹೂಳು ತುಂಬಿದ ಕಾಲುವೆಯಲ್ಲಿ ನೀರು ಹಿಂದೆ ನಿಂತು ಬದುವನ್ನು ಒತ್ತುವಂತೆ, ಇಲ್ಲಿ ರಕ್ತ ಹಿಂದೆ ನಿಂತು ಒತ್ತಡ ಏರುತ್ತದೆ. ಅನ್ನನಾಳದ ಕೆಳಭಾಗದ ನಾಳಗಳು ಉಬ್ಬಿ ಒಡೆದರೆ ರೋಗಿ ರಕ್ತ ಕಾರುತ್ತಾನೆ; ಪ್ರಾಣಕ್ಕೇ ಸಂಚಕಾರ ಬರುತ್ತದೆ.

ಆದ್ದರಿಂದ ಒತ್ತಡ ಎಷ್ಟೆಂದು ತಿಳಿಯುವುದು ಅವಶ್ಯ. ಆದರೆ ಪೋರ್ಟಲ್ ನಾಳ ಹೊಟ್ಟೆಯ ಆಳದಲ್ಲಿದೆ. ನೇರವಾಗಿ ಚುಚ್ಚುವುದು ಅಪಾಯಕರ. 1951ರಲ್ಲಿ ಮೈಯರ್ಸ್ ಮತ್ತು ಟೇಲರ್ ಎಂಬಿಬ್ಬರು ಹಿಂಬಾಗಿಲ ದಾರಿಯೊಂದನ್ನು ವಿವರಿಸಿದರು. ಇಂದು ಕುತ್ತಿಗೆಯ ಒಂದೆಡೆ ಮರವಿನ ಔಷಧ ಕೊಟ್ಟು, ಅಲ್ಲಿನ ಅಭಿಧಮನಿಯಿಂದ ಕ್ಯಾಥೆಟರ್ ಎಂಬ ತೆಳು ನಳಿಕೆಯನ್ನು ಹೃದಯದ ಬಲ ಹೃತ್ಕರ್ಣದ ಮೂಲಕ ಯಕೃತ್ತಿನ ಅಭಿಧಮನಿಗೆ ಇಳಿಸುತ್ತಾರೆ. ಮೊದಲು ರಕ್ತ ಹರಿಯುತ್ತಿರುವಾಗಿನ ಒತ್ತಡವನ್ನು ಅಳೆದು, ಆಮೇಲೆ ತುದಿಯ ಪುಟ್ಟ ಬಲೂನನ್ನು ಉಬ್ಬಿಸಿ ನಾಳವನ್ನು ಮುಚ್ಚಿ ಅಳೆಯುತ್ತಾರೆ. ತೂಬು ಮುಚ್ಚಿದಾಗ ಹಿಂದಿನ ನೀರಿನ ಮಟ್ಟ ತಿಳಿಯುವುದಲ್ಲವೆ? ಹಾಗೆಯೇ ಇದು. ಎರಡರ ವ್ಯತ್ಯಾಸವು ಆರೋಗ್ಯವಂತರಲ್ಲಿ ಪಾದರಸದ 1ರಿಂದ 5 ಮಿಲಿಮೀಟರ್. ಅದು 10 ಮುಟ್ಟಿದರೆ ತೊಡಕುಗಳ ಭಯ. 12 ಮುಟ್ಟಿದರೆ ರಕ್ತಸ್ರಾವದ ಭಯ.

ಈಗಾಗಲೇ ಬಳಲಿದ ರೋಗಿ ಇದನ್ನು ತಾಳಬಲ್ಲನೆ? ನನ್ನ ಸೋದರಮಾವನಿಗೆ ಈ ಪರೀಕ್ಷೆ ಬೇಕೆಂದಾಗ, ಇಂಗ್ಲಿಷಿನ ಒಪ್ಪಿಗೆ ಪತ್ರವನ್ನು ಓದಿ ಹೇಳುವ ಹೊಣೆ, ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದ ನನ್ನ ಮೇಲೆ ಬಿತ್ತು. ನಳಿಕೆ ಹೃದಯದೊಳಗಿಂದ ಹೋಗುತ್ತದೆಂಬ ಮಾತು ಕೇಳುತ್ತಲೇ ಅತ್ತೆ ಬೇಡವೇ ಬೇಡವೆಂದು ಅತ್ತರು. ಪರೀಕ್ಷೆ ಮುಗಿದ ಮೇಲೆ ಮಾವ ಹೇಳಿದ್ದು ಇಷ್ಟೇ: "ಮೊದಲನೇ ಸೂಜಿ ಉರೀತು. ಆಮೇಲೆ ಅಲ್ಲಾಡದೆ ಮಲಗೋದೇ ಕಷ್ಟ ಆಯ್ತು, ಅಷ್ಟೇ ಕಣೋ."

ವೈದ್ಯರ ಅನುಭವವೂ ಬಹುಮಟ್ಟಿಗೆ ಇದೇ. ನಾಳದೊಳಗೆ ನಳಿಕೆ ಸಾಗುವುದು ಸಾಮಾನ್ಯವಾಗಿ ನೋವನ್ನುಂಟುಮಾಡದು. ಹೃದಯವನ್ನು ದಾಟುವಾಗ ಕ್ಷಣಕಾಲ ಎದೆ ಡವಗುಟ್ಟಬಹುದು. ಕುತ್ತಿಗೆಯಲ್ಲಿ ರಕ್ತ ಕಟ್ಟಿ ಊದಿಕೊಳ್ಳಬಹುದು. ಗಂಭೀರ ಅಪಾಯ ವಿರಳ. 1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ತನ್ನ ತೋಳಿನ ನಾಳದಿಂದ ಹೃದಯದವರೆಗೆ ತಾನೇ ನಳಿಕೆ ತೂರಿಸಿಕೊಂಡು ಈ ದಾರಿಯನ್ನು ತೋರಿಸಿದನು. 1956ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದನು.

ಹಾಗಾದರೆ ರೋಗಿಯನ್ನು ಗಾಢವಾಗಿ ನಿದ್ರೆ ಹೋಗಿಸಿಬಿಡಬಾರದೆ? ಬಾರದು, ಗಾಢ ನಿದ್ರೆಯ ಔಷಧದಿಂದ ಒತ್ತಡದ ಅಂಕಿಯೇ ಬದಲಾಗುತ್ತದೆ. ಬೇಕಾದರೆ ಅಲ್ಪ ಪ್ರಮಾಣದ ಶಾಮಕವನ್ನಷ್ಟೇ ಕೊಡಬಹುದು. ರೋಗಿ ಎಚ್ಚರವಾಗಿರಬೇಕಾದ್ದರಿಂದ ಅವನ ಧೈರ್ಯವೂ ಪರೀಕ್ಷೆಯ ಒಂದು ಉಪಕರಣವೇ ಸರಿ.

ಯಕೃತ್ತಿನ ಗಡಸುತನವನ್ನು ಹೊರಗಿನಿಂದಲೇ ಅಳೆಯುವ ಎಲಾಸ್ಟೋಗ್ರಫಿ ಬಂದಮೇಲೆ ಅನೇಕರಿಗೆ ಈ ನಳಿಕೆಯ ಅವಶ್ಯಕತೆ ತಪ್ಪಿದೆ. ಆದರೂ ನಿಖರವಾದ ಅಂಕಿ ಬೇಕಾದಲ್ಲಿ ಇದೇ ಪ್ರಮಾಣ. ಅಂಥ ಕಡೆ ಸೂಜಿಯ ನೋವಿಗಿಂತ ಅರ್ಥವಾಗದ ಮಾತಿನ ಭಯ ದೊಡ್ಡದು. ಸೂಜಿಯ ನೋವಿಗೆ ಮರವಿನ ಔಷಧವಿದೆ. ಭಯಕ್ಕೆ ರೋಗಿಯ ಭಾಷೆಯಲ್ಲಿ ಆಡಿದ ನಾಲ್ಕು ಮಾತೇ ಔಷಧ. ಅದನ್ನು ಕೊಡಲು ವೈದ್ಯನೇ ಆಗಬೇಕಿಲ್ಲ. ಓದಬಲ್ಲ ನಾವೂ ಕೊಡಬಹುದು.